ಏನೂ ಆಗದ ಸಂಗೀತ

ಪ್ರೀತಿಯ ಅಳಿಯನಿಗೆ,

ಬಾಣಂತಿ, ಕೂಸು ಇಬ್ಬರೂ ಚೆನ್ನಾಗಿದ್ದಾರೆಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನೀನು ಹೇಗಿದ್ದೀಯ ಅನ್ನುವುದು ರಾತ್ರಿ ಮೂರು ಗಂಟೆಗೆ ಬಂದ ನಿನ್ನ ವಾಟ್ಸಾಪ್ ನೋಡಿ ತಿಳಿಯಿತು. "ಮಾವ, ಜೋಗುಳ ನಂಗೆ ಬರಲ್ಲ. ಮಗು ಮಲಗೋಕೆ ಈಗಿನ ಕಾಲದ ಮ್ಯೂಸಿಕ್ ಯಾವುದು ಹಾಕ್ಲಿ?" ಅಂತ ಕೇಳಿ, ಕೆಳಗೆ ಒಂದಷ್ಟು ಲಿಂಕು ಅಂಟಿಸಿದ್ದೀಯ. ಎಲ್ಲವನ್ನೂ ಕೂತು ಕೇಳಿದೆ. ಬಾನುಲಿ ಕೇಂದ್ರದಲ್ಲಿ ಧ್ವನಿಮುದ್ರಣ ಮಾಡಿಕೊಂಡೇ ನಿವೃತ್ತನಾದವನಿಗೆ ಇಂಥ ಪ್ರಶ್ನೆ ಕೇಳಿದರೆ ಉತ್ತರ ಎರಡು ಸಾಲಿನಲ್ಲಿ ಮುಗಿಯುವುದಿಲ್ಲ. ಹೊಸದಾಗಿ ಅಪ್ಪ ಅಮ್ಮ ಆದವರಿಗೆಲ್ಲ ಇದೇ ತಾಪತ್ರಯ ಇದ್ದೀತೆಂದು ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ. ನಿನ್ನ ಹೆಸರು ಹಾಕಿಲ್ಲ, ಹೆದರಬೇಡ.

ನೀನು ಕಳಿಸಿದ್ದರಲ್ಲಿ ಮುಕ್ಕಾಲು ಪಾಲು ಬೇಡ. 'ಮಕ್ಕಳಿಗಾಗಿ' ಅಂತ ಹಣೆಪಟ್ಟಿ ಇದೆ, ನಿಜ. ಆದರೆ ಅವು ಕೊಳ್ಳುವ ದೊಡ್ಡವರ ಕಣ್ಣಿಗೆ ಮುದ್ದಾಗಿ ಕಾಣಲೆಂದು ಮಾಡಿದವು. ಟಿಣ್ ಟಿಣ್ ಅನ್ನುವ ಗಂಟೆ, ನಡುವೆ ಹಕ್ಕಿಯ ಚಿಲಿಪಿಲಿ, ಎರಡು ನಿಮಿಷಕ್ಕೊಂದು ಹೊಸ ಟ್ಯೂನು, ಎಲ್ಲೋ ಒಂದು ಕಡೆ ಮಗು ಕಿಲಕಿಲ ನಕ್ಕ ಸದ್ದು ಬೇರೆ. ಕೂಸಿನ ಕಿವಿಯ ನಾಳ ಪುಟ್ಟದು. ಹಾಗಾಗಿ ಎತ್ತರದ ಸ್ವರಗಳು ಅದರೊಳಗೆ ನಮ್ಮ ಕಿವಿಯಲ್ಲಿ ಮೊಳಗುವುದಕ್ಕಿಂತ ಜೋರಾಗಿ ಮೊಳಗುತ್ತವೆ. ನಮಗೆ ಇಂಪಾಗಿ ಕೇಳುವ ಗಂಟೆ ಅದಕ್ಕೆ ಚುಚ್ಚುವಂತಿರಬಹುದು.

ನಿದ್ದೆಗೆ ಬೇಕಾದ ಸಂಗೀತದಲ್ಲಿ ಏನೂ ಆಗಬಾರದು. ನಾನು ಕಂಡುಕೊಂಡ ನಿಯಮ ಇದೊಂದೇ. ಮುಂದೇನು ಎಂಬ ಕುತೂಹಲ ಹುಟ್ಟಬಾರದು, ಕೊನೆಗೆ ಚಪ್ಪಾಳೆ ಗಿಟ್ಟಿಸುವ ಆಸೆ ಇರಬಾರದು. ಇದು ಹೇಳಿದಷ್ಟು ಸುಲಭವಲ್ಲ. ನಮ್ಮ ಸಂಗೀತದ ಪರಂಪರೆಗಳೆಲ್ಲ ಕೇಳುಗನನ್ನು ಎಚ್ಚರವಾಗಿಡಲೆಂದೇ ಬೆಳೆದವು. ಹಿಂದುಸ್ತಾನಿ ಕಛೇರಿ ವಿಲಂಬಿತದಲ್ಲಿ ಶುರುವಾಗಿ ದ್ರುತಕ್ಕೆ ಏರುತ್ತದೆ. ನಮ್ಮ ಕಡೆಯ ಕಛೇರಿಯಲ್ಲಿ ಮೃದಂಗದ ತನಿ ಆವರ್ತನ ಬಂತೆಂದರೆ ತೂಕಡಿಸುತ್ತಿದ್ದ ತಾತಂದಿರೂ ನೆಟ್ಟಗೆ ಕೂರುತ್ತಾರೆ. ನಿದ್ದೆಯ ದಾರಿ ಇದಕ್ಕೆ ಸರಿಯಾಗಿ ಉಲ್ಟಾ. ನೀಲಾಂಬರಿ ರಾಗ ಹಾಕಿದರೆ ಮಗು ಮಲಗುತ್ತದೆ ಅನ್ನುತ್ತಾರಲ್ಲ, ಹಾಕು, ಆದರೆ ಆಲಾಪನೆಯಷ್ಟನ್ನೇ. ಮೃದಂಗ ಸೇರುವ ಹೊತ್ತಿಗೆ ನಿಲ್ಲಿಸು.

ಏನೂ ಆಗದ ಸಂಗೀತವನ್ನು ಪಟ್ಟು ಹಿಡಿದು ಮಾಡಿದವರು ಕಳೆದ ನೂರು ವರ್ಷದೊಳಗಿನವರು. ನೀನು 'ಈಗಿನ ಕಾಲದ ಮ್ಯೂಸಿಕ್' ಅಂತ ಕೇಳಿದ್ದು ಅಷ್ಟರ ಮಟ್ಟಿಗೆ ಸರಿಯಾಗಿಯೇ ಇದೆ. ಬ್ರಯನ್ ಈನೋ ಎಂಬ ಇಂಗ್ಲೆಂಡಿನವನ ಕಥೆ ಕೇಳು. 1975ರಲ್ಲಿ ಅಪಘಾತವಾಗಿ ಮಂಚ ಹಿಡಿದಿದ್ದಾಗ ಗೆಳತಿಯೊಬ್ಬಳು ಹಾರ್ಪ್ ವಾದನದ ರೆಕಾರ್ಡ್ ತಂದುಕೊಟ್ಟಳು. ಅದನ್ನು ಹಾಕಿಕೊಂಡು ಮಲಗಿದ ಮೇಲೆ ವಾಲ್ಯೂಮ್ ತೀರ ಕಮ್ಮಿ ಎಂದು ಗೊತ್ತಾಯಿತು, ಎದ್ದು ಹೆಚ್ಚಿಸುವ ಶಕ್ತಿ ಇರಲಿಲ್ಲ. ಮಳೆಯ ಸದ್ದಿನೊಳಗೆ ಅಲ್ಲೊಂದು ಇಲ್ಲೊಂದು ಸ್ವರ ಕೇಳಿಸುತ್ತ, ಕೇಳಿಸದಾಗುತ್ತ ಹೋದಾಗ ಅವನಿಗೆ ಹೊಳೆದದ್ದು, ಕೋಣೆಯ ಬೆಳಕಿನ ಹಾಗೆ ಸಂಗೀತವೂ ಸುಮ್ಮನೆ ಇರಬಹುದಲ್ಲ ಎಂದು. ಅದೇ ವರ್ಷ 'ಡಿಸ್ಕ್ರೀಟ್ ಮ್ಯೂಸಿಕ್' ಮಾಡಿದ. ಆಮೇಲೆ 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್'.

ಆ ಎರಡನೆಯದನ್ನು ಮಾಡಿದ ರೀತಿ ನನ್ನಂಥ ಟೇಪಿನ ಕಾಲದವನಿಗೆ ಬಲು ಇಷ್ಟ. ಒಂದೊಂದೇ ಸ್ವರವನ್ನು ಟೇಪಿನ ಮೇಲೆ ಮುದ್ರಿಸಿ, ಆ ತುಂಡಿನ ಎರಡು ತುದಿ ಸೇರಿಸಿ ಉಂಗುರ ಮಾಡಿ, ಒಂದಕ್ಕೊಂದು ಉದ್ದ ಹೊಂದದ ಅಂಥ ಹಲವು ಉಂಗುರಗಳನ್ನು ಒಟ್ಟಿಗೆ ಸುತ್ತಲು ಬಿಟ್ಟ. ಉದ್ದ ಬೇರೆ ಬೇರೆಯಾದ್ದರಿಂದ ಸ್ವರಗಳು ಪ್ರತಿ ಸಲ ಹೊಸ ಜಾಗದಲ್ಲಿ ಸಂಧಿಸುತ್ತವೆ. ಕೇಳುವವನಿಗೆ ಬೇಸರವೂ ಆಗುವುದಿಲ್ಲ, ಎಚ್ಚರವೂ ಆಗುವುದಿಲ್ಲ. ನಮ್ಮ ಸ್ಟುಡಿಯೋದಲ್ಲೂ ಬ್ಲೇಡಿನಿಂದ ಟೇಪು ಕತ್ತರಿಸಿ ಅಂಟಿಸುವ ಕೆಲಸ ದಿನಾ ನಡೆಯುತ್ತಿತ್ತು. ಆದರೆ ನಾವು ಮೌನವನ್ನು ಕತ್ತರಿಸಿ ಬಿಸಾಕುತ್ತಿದ್ದೆವು. ಪ್ರಸಾರದಲ್ಲಿ ಕೆಲವು ಸೆಕೆಂಡು ಸದ್ದಿಲ್ಲದೆ ಹೋದರೆ ಡ್ಯೂಟಿ ರೂಮಿನ ಫೋನು ಹೊಡೆದುಕೊಳ್ಳುತ್ತಿತ್ತಲ್ಲ!

ನಿನ್ನ ಮಗುವಿಗೆ ನಾನು ಮೊದಲು ಆರಿಸುವುದು ಆ 'ಏರ್‌ಪೋರ್ಟ್ಸ್' ರೆಕಾರ್ಡಿನ ಮೊದಲ ಭಾಗ, ಪಿಯಾನೋ ಇರುವುದು. ಅದು ಹಿಡಿಸದಿದ್ದರೆ ಈನೋನದೇ 'ಥರ್ಸ್‌ಡೇ ಆಫ್ಟರ್‌ನೂನ್', 1985ರದು. ಸುಮಾರು ಒಂದು ಗಂಟೆ, ಒಂದೇ ತುಣುಕು, ನಡುವೆ ತಡೆಯಿಲ್ಲ. ಎಸ್ಟೋನಿಯಾದ ಆರ್ವೊ ಪೇರ್ಟ್ 1978ರಲ್ಲಿ ಬರೆದ 'ಶ್ಪೀಗಲ್ ಇಮ್ ಶ್ಪೀಗಲ್' ಕೂಡ ಹಾಕಿ ನೋಡು. ಪಿಯಾನೋದ ಮೇಲೆ ಮೂರು ಮೂರು ಸ್ವರ ತೂಗಿದ ಹಾಗೆ ನಡೆಯುತ್ತಲೇ ಇರುತ್ತವೆ, ಮೇಲೆ ಪಿಟೀಲಿನ ಉದ್ದ ಎಳೆ. ತೊಟ್ಟಿಲ ಹಗ್ಗ ಹಿಡಿದವರಿಗೆ ಆ ನಡೆ ತಾನಾಗಿ ಕೈಗೆ ಬರುತ್ತದೆ. ನಮ್ಮವರಲ್ಲಿ ಜಿಯಾ ಮೊಹಿಯುದ್ದೀನ್ ಡಾಗರ್ ಅವರ ರುದ್ರವೀಣೆಯ ಆಲಾಪ. ಅಷ್ಟು ತಗ್ಗಿನ ಶ್ರುತಿ, ಅಷ್ಟು ತಾಳ್ಮೆಯ ನಡೆ ಇನ್ನೊಂದು ವಾದ್ಯದಲ್ಲಿ ನಾನು ಕೇಳಿಲ್ಲ. ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಮಾತ್ರ ಅದನ್ನು ಹಾಕಬೇಡ ಮಾರಾಯ, ಮಂದ್ರವೆಲ್ಲ ಕಳೆದುಹೋಗಿ ಬರೀ ತಂತಿ ಕೆರೆದ ಸದ್ದು ಉಳಿಯುತ್ತದೆ.

ಮ್ಯಾಕ್ಸ್ ರಿಕ್ಟರ್ ಎಂಬವರ 'ಸ್ಲೀಪ್' ನಿನ್ನ ಪಟ್ಟಿಯಲ್ಲೇ ಇತ್ತು. 2015ರಲ್ಲಿ ಬಂದ, ಎಂಟು ಗಂಟೆಗೂ ಮೀರಿದ ಕೃತಿ. ನಿದ್ದೆ ಮಾಡುತ್ತಲೇ ಕೇಳಬೇಕೆಂದು ಬರೆದದ್ದು. ಆ ವರ್ಷ ಬಿಬಿಸಿ ರೇಡಿಯೋ ಅದನ್ನು ಲಂಡನ್ನಿನಿಂದ ಇಡೀ ರಾತ್ರಿ ನೇರ ಪ್ರಸಾರ ಮಾಡಿತು, ಕೇಳುಗರಿಗೆ ಕುರ್ಚಿಯ ಬದಲು ಮಂಚ ಹಾಕಿದ್ದರು. ಒಬ್ಬ ರೇಡಿಯೋದವನಾಗಿ ನನಗೆ ಹೊಟ್ಟೆಕಿಚ್ಚಾಯಿತು. ಕೃತಿ ಚೆನ್ನಾಗಿದೆ, ಆದರೆ ಅದು ದೊಡ್ಡವರ ನಿದ್ದೆಗೆ. ಮಗುವಿಗೆ ಎಂಟು ಗಂಟೆಯ ಸಂಗೀತದ ಅಗತ್ಯವೇ ಇಲ್ಲ.

ಇನ್ನೊಂದು ವಿಚಿತ್ರ ರೆಕಾರ್ಡಿದೆ. ಅಮೆರಿಕದ ರೇಮಂಡ್ ಸ್ಕಾಟ್ ಎಂಬವನದು. ಅವನ ರಾಗಗಳನ್ನು ನೀನು ಚಿಕ್ಕಂದಿನಲ್ಲಿ ಬಗ್ಸ್ ಬನ್ನಿ ಕಾರ್ಟೂನುಗಳಲ್ಲಿ ಗೊತ್ತಿಲ್ಲದೆ ಕೇಳಿದ್ದೀಯ. 1960ರ ದಶಕದ ಮೊದಲ ಭಾಗದಲ್ಲಿ ಅವನು ತಾನೇ ಕಟ್ಟಿದ ಎಲೆಕ್ಟ್ರಾನಿಕ್ ಯಂತ್ರಗಳಿಂದ 'ಸೂದಿಂಗ್ ಸೌಂಡ್ಸ್ ಫಾರ್ ಬೇಬಿ' ಎಂಬ ಮೂರು ರೆಕಾರ್ಡು ಮಾಡಿದ. ಒಂದರಿಂದ ಆರು ತಿಂಗಳಿಗೆ ಒಂದು, ಆರರಿಂದ ಹನ್ನೆರಡಕ್ಕೆ ಒಂದು, ಹನ್ನೆರಡರಿಂದ ಹದಿನೆಂಟಕ್ಕೆ ಒಂದು. ಆಗ ಅದನ್ನು ಕೇಳುವವರೇ ಇರಲಿಲ್ಲ. ದಶಕಗಳಾದ ಮೇಲೆ ಅದು ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯೊಳಗೆ ಸೇರಿತು. ಚರಿತ್ರೆಯ ಮಾತು ಬೇರೆ, ತೊಟ್ಟಿಲ ಮಾತು ಬೇರೆ. ಮೊದಲ ರೆಕಾರ್ಡಿನ ಜೋಗುಳವೊಂದು ಪರವಾಗಿಲ್ಲ, ಉಳಿದವುಗಳ ಟಕ್ ಟಕ್ ಕೇಳಿದರೆ ನನಗಂತೂ ಇದ್ದ ನಿದ್ದೆಯೂ ಹಾರಿಹೋಗುತ್ತದೆ.

ಮೊಝಾರ್ಟ್ ಹಾಕಿದರೆ ಬುದ್ಧಿ ಚುರುಕಾಗುತ್ತದಂತೆ ಎಂದು ನಿನ್ನ ಹೆಂಡತಿ ಕೇಳಿದ್ದಾಳಲ್ಲ, ಅವಳಿಗೆ ಹೇಳು: 1993ರಲ್ಲಿ ಅಮೆರಿಕದಲ್ಲಿ ಆ ಪ್ರಯೋಗ ಮಾಡಿದ್ದು ಕಾಲೇಜು ಹುಡುಗರ ಮೇಲೆ, ಕೂಸುಗಳ ಮೇಲಲ್ಲ. ಪರಿಣಾಮ ಉಳಿದದ್ದೂ ಹತ್ತು ಹದಿನೈದು ನಿಮಿಷ. ಅಷ್ಟಕ್ಕೇ 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರು ಹುಟ್ಟಿದ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಿಸಲು ಹೊರಟರು. ಆ ಪ್ರಯೋಗದಲ್ಲಿ ಕೇಳಿಸಿದ್ದು ಎರಡು ಪಿಯಾನೋಗಳ ಚುರುಕಾದ ಸೊನಾಟಾ. ನಿದ್ದೆ ಮಾಡಿಸುವ ಪೈಕಿಯೇ ಅಲ್ಲ.

ಯಾವುದನ್ನು ಎಂಬುದಕ್ಕಿಂತ ಎಷ್ಟು ಜೋರಾಗಿ ಎಂಬುದು ದೊಡ್ಡ ವಿಷಯ, ಇಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮಕ್ಕಳ ನಿದ್ದೆಗೆಂದು ಮಾರುವ, ಜೋರು ಮಳೆಯಂಥ ಸದ್ದು ಮಾಡುವ ಹದಿನಾಲ್ಕು ಯಂತ್ರಗಳನ್ನು ಕೆನಡಾದ ವೈದ್ಯರು ಅಳೆದು 2014ರಲ್ಲಿ ಪ್ರಕಟಿಸಿದರು. ಪೂರ್ತಿ ವಾಲ್ಯೂಮಿನಲ್ಲಿ, ಒಂದಡಿ ದೂರದಿಂದ, ಎಲ್ಲವೂ 50 ಡೆಸಿಬೆಲ್ ದಾಟಿದವು. ಆಸ್ಪತ್ರೆಯ ಶಿಶು ಕೋಣೆಗೆ ಹಾಕಿಕೊಂಡ ಮಿತಿಯೇ ಆ 50. ಮೂರು ಯಂತ್ರಗಳಂತೂ 85ನ್ನೂ ಮೀರಿದವು. ಕಾರ್ಖಾನೆಯ ಕೆಲಸಗಾರನಿಗೂ ದಿನವಿಡೀ ಬೇಡ ಅನ್ನುವ ಸದ್ದು ಅದು. ಅವರ ಸಲಹೆ ಸರಳವಾಗಿದೆ: ಕೂಸಿನಿಂದ ಎರಡು ಮೀಟರಾದರೂ ದೂರ ಇಡಿ, ಸದ್ದು ಕಮ್ಮಿ ಮಾಡಿ, ಹೊತ್ತೂ ಕಮ್ಮಿ ಮಾಡಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ನಿಮ್ಮ ಫ್ಲ್ಯಾಟಿನ ಖಾಲಿ ಗೋಡೆಗಳ ನಡುವೆ ಅಷ್ಟೂ ಇಳಿಯುವುದಿಲ್ಲ. ಸದ್ದು ಅಳೆಯಲು ಮೀಟರು ಗೀಟರು ಬೇಡ. ತೊಟ್ಟಿಲ ಪಕ್ಕ ನಿಂತು ಹೆಂಡತಿಗೆ ಪಿಸುಮಾತಿನಲ್ಲಿ ಏನಾದರೂ ಹೇಳು. ಅವಳು "ಆಂ?" ಅಂದರೆ ಸಂಗೀತ ಜೋರಾಗಿದೆ ಎಂದೇ ಲೆಕ್ಕ. ಮೊಬೈಲನ್ನು ದಿಂಬಿನ ಬಳಿ, ತೊಟ್ಟಿಲ ಒಳಗೆ ಯಾವತ್ತೂ ಇಡಬೇಡ. ವೀಡಿಯೋವಂತೂ ಬೇಡವೇ ಬೇಡ. ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ತೋರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2019ರಲ್ಲಿ ಹೇಳಿದೆ. ದುಡ್ಡು ಕೊಡದೆ ಕೇಳುವ ಆ್ಯಪಿನಲ್ಲಿ ಜೊಂಪು ಹತ್ತುವ ಹೊತ್ತಿಗೆ ಸರಿಯಾಗಿ ಸಿಮೆಂಟಿನ ಜಾಹೀರಾತು ಕೂಗಿಕೊಳ್ಳುತ್ತದೆ. ಡೌನ್‌ಲೋಡ್ ಮಾಡಿಟ್ಟುಕೊಂಡು, ಇಂಟರ್ನೆಟ್ ಆರಿಸಿ ಹಾಕು.

ಎಷ್ಟು ಹೊತ್ತು ಹಾಕಬೇಕು? ಕಣ್ಣು ಮುಚ್ಚುವ ತನಕ, ಮೇಲೆ ಹತ್ತು ನಿಮಿಷ. ಹಸುಗೂಸಿನ ನಿದ್ದೆ ಸುಮಾರು ಐವತ್ತು ನಿಮಿಷದ ಸುತ್ತುಗಳಲ್ಲಿ ಬರುತ್ತದೆ. ಸುತ್ತು ಮುಗಿದಾಗ ಅರೆ ಎಚ್ಚರವಾಗಿ, ಮೈ ಮುರಿದು, ಮುಲುಗಿ, ಮತ್ತೆ ತಾನೇ ಮಲಗಲು ನೋಡುತ್ತದೆ. ಅದು ಮಲಗುವಾಗ ಇದ್ದ ಸಂಗೀತ ಆಗಲೂ ಇರಲೇಬೇಕು ಅನ್ನುವಂತಾದರೆ ರಾತ್ರಿಯಿಡೀ ನೀನೇ ಆಕಾಶವಾಣಿ ನಡೆಸಬೇಕಾಗುತ್ತದೆ. ಅದು ಮುಲುಗಿದ ಕೂಡಲೇ ಓಡಿಹೋಗಿ ಪ್ಲೇ ಒತ್ತಬೇಡ. ಎಷ್ಟೋ ಸಲ ಅದು ನಿದ್ದೆಯಲ್ಲೇ ಮುಖ ಕಿವುಚಿ, ಕೈಕಾಲು ಆಡಿಸಿ ಸದ್ದು ಮಾಡುತ್ತಿರುತ್ತದೆ. ನಿಲ್ಲಿಸುವಾಗಲೂ ಟಪ್ಪನೆ ನಿಲ್ಲಿಸಬೇಡ, ಕೈಯಿಂದಲೇ ನಿಧಾನಕ್ಕೆ ಇಳಿಸು. ನಾವು ಫೇಡ್ ಅನ್ನುತ್ತಿದ್ದೆವು, ಚೆನ್ನಾಗಿ ಫೇಡ್ ಮಾಡುವವನ ಕೆಲಸ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಮೊದಲೆರಡು ಮೂರು ತಿಂಗಳು ಆ ಜೀವಕ್ಕೆ ಹಗಲು ರಾತ್ರಿಯ ಲೆಕ್ಕವೇ ಇರುವುದಿಲ್ಲ, ಅಲ್ಲಿಯ ತನಕ ಯಾವ ಸಂಗೀತದಿಂದಲೂ ಪವಾಡ ನಿರೀಕ್ಷಿಸಬೇಡ. ರಚ್ಚೆ ಹಿಡಿದು ಅತ್ತರೆ ಹಸಿವೋ, ಒದ್ದೆಯೋ, ಹೊಟ್ಟೆಯುಬ್ಬರವೋ ಮೊದಲು ನೋಡು. ಎಷ್ಟು ಹೊತ್ತಾದರೂ ಸಮಾಧಾನವಾಗದಿದ್ದರೆ ಡಾಕ್ಟರಿಗೆ ತೋರಿಸು.

ಇನ್ನು ನಿನ್ನ 'ಜೋಗುಳ ಬರಲ್ಲ' ಅನ್ನುವ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಹಾರ್ವರ್ಡಿನವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 144 ಕೂಸುಗಳಿಗೆ ಗುರುತೇ ಇಲ್ಲದ ಭಾಷೆಗಳ ಹಾಡು ಕೇಳಿಸಿದರು. ಬೇರೆ ಹಾಡುಗಳಿಗಿಂತ ಜೋಗುಳಗಳಿಗೆ ಅವುಗಳ ಎದೆಬಡಿತ ಹೆಚ್ಚು ಇಳಿಯಿತು. ಮಾತು ತಿಳಿಯಬೇಕಾಗಿಲ್ಲ, ಧಾಟಿ ಸಾಕು. ಅದಕ್ಕೂ ಮುಂಚೆ, 2013ರಲ್ಲಿ, ಅಮೆರಿಕದ ಹನ್ನೊಂದು ಆಸ್ಪತ್ರೆಗಳಲ್ಲಿ ತಿಂಗಳು ತುಂಬದೆ ಹುಟ್ಟಿದ 272 ಕೂಸುಗಳೊಂದಿಗೆ ಒಂದು ಅಧ್ಯಯನ ನಡೆಯಿತು. ಅಲ್ಲಿ ಅಪ್ಪ ಅಮ್ಮನಿಗೆ ಇಷ್ಟವಾದ ಹಾಡು ಯಾವುದೇ ಇರಲಿ, ಅದನ್ನೇ ಜೋಗುಳದ ನಡೆಗೆ ಇಳಿಸಿ ಎದುರಿಗೇ ಹಾಡಿಸಿದರು. ಹೆತ್ತವರ ಆತಂಕವೂ ಕಮ್ಮಿಯಾಯಿತೆಂದು ಅವರು ಬರೆದಿದ್ದಾರೆ. ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ. ಅದಕ್ಕೇ ಹೇಳುವುದು, ಮಗುವಿಗಷ್ಟೇ ಅಂತ ಸಂಗೀತ ಆರಿಸಬೇಡ, ಅದನ್ನು ಎತ್ತಿಕೊಂಡವರಿಗೂ ಸೇರಿಸಿ ಆರಿಸು. ದಿನಾ ರಾತ್ರಿ ಕೇಳಿದರೂ ನಿನಗೆ ತಲೆ ಕೆಡದಂಥದ್ದು ಬೇಕು. ನಿನ್ನ ಹೆಗಲು ಬಿಗಿಯಾಗಿದ್ದರೆ ಮಗುವಿಗೆ ಗೊತ್ತಾಗದೇ ಇರುತ್ತದೆಯೇ? ರಾಜ್‌ಕುಮಾರ್ ಹಾಡಾಗಲಿ, ಕಾಲೇಜಿನಲ್ಲಿ ನೀನು ಕಿರುಚುತ್ತಿದ್ದ ರಾಕ್ ಹಾಡಾಗಲಿ, ಅರ್ಧ ವೇಗಕ್ಕೆ ಇಳಿಸಿ, ಬಾಯಿ ಮುಚ್ಚಿ ಗುನುಗು. ಅಪಶ್ರುತಿ ಆದರೆ ಆಗಲಿ, ಆ ಕೇಳುಗ ವಿಮರ್ಶೆ ಬರೆಯುವವನಲ್ಲ. ನನ್ನ ಲೆಕ್ಕದಲ್ಲಿ ಈನೋ, ಪೇರ್ಟ್ ಎಲ್ಲ ನಿನ್ನ ಗಂಟಲು ದಣಿದ ರಾತ್ರಿಗಳಿಗೆ.

ಸ್ಪೀಕರ್ ಹೊಸದು ಕೊಳ್ಳಬೇಡ, ನನ್ನ ಬಳಿ ವೈರಿನದೊಂದು ಇದೆ, ನಿಮ್ಮಮ್ಮ ಬರುವಾಗ ಕೊಟ್ಟು ಕಳಿಸುತ್ತೇನೆ. ಬ್ಲೂಟೂತಿನದು ಬ್ಯಾಟರಿ ಮುಗಿದಾಗ ಗಟ್ಟಿ ದನಿಯಲ್ಲಿ ಇಂಗ್ಲಿಷಿನಲ್ಲಿ ಸಾರಿಬಿಡುತ್ತದೆ, ಅದೂ ಮಧ್ಯರಾತ್ರಿಯಲ್ಲೇ. ವೈರು ತೊಟ್ಟಿಲಿಗೆ ಮೂರಡಿಯೊಳಗೆ ಸುಳಿಯಬಾರದು, ಗೋಡೆಗೆ ಕ್ಲಿಪ್ ಹೊಡೆಸು. ಮಗುವನ್ನು ಅಂಗಾತವೇ ಮಲಗಿಸು, ಸುತ್ತ ದಿಂಬು, ಗೊಂಬೆ ಬೇಡ. ನಿಮ್ಮಮ್ಮ ಮಗ್ಗುಲಿಗೆ ಮೆತ್ತನೆ ಬಟ್ಟೆ ಒತ್ತಿಡಲು ಬಂದರೆ ನಾನು ಹೇಳಿದೆ ಅನ್ನು, ಜಗಳ ನಾನು ನೋಡಿಕೊಳ್ಳುತ್ತೇನೆ.

ಇಂತಿ,
ನಿನ್ನ ಸೋದರಮಾವ