"ಅಲ್ಲಿ ನಂಗೇನು ಕೆಲ್ಸ?"

ಅಕ್ಕಾ,

ನಮ್ಮದು ಸಾಗರದ ಕಡೆ ಊರು, ನಾವು ದೀವರ ಸಮುದಾಯದವರು. ಗಂಡ, ನಾನು ಮತ್ತು ಎಂಟು ವರ್ಷದ ಮಗಳು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಪ್ರತಿ ದೀಪಾವಳಿಗೆ ಅತ್ತೆ ಬಂದು ಎಂಟು-ಹತ್ತು ದಿನ ಇದ್ದು ಹೋಗುತ್ತಾರೆ. ಹೋದ ವರ್ಷ ನೀರು ತುಂಬುವ ಹಬ್ಬದ ದಿನ ನಾವಿಬ್ಬರೂ ಆಫೀಸಿನಿಂದ ಬರುವಷ್ಟರಲ್ಲಿ ಹಾಲ್‌ನ ದೊಡ್ಡ ಗೋಡೆಗೆ ಊರಿನಿಂದ ತಂದ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನಲ್ಲಿ ಚಿತ್ತಾರ ಬರೆದಿದ್ದರು. ನೋಡಲು ಬಹಳ ಚೆನ್ನಾಗಿತ್ತು, ಮಗಳಂತೂ ಕುಣಿದಾಡಿಬಿಟ್ಟಳು. ಆದರೆ ಸಿಹಿ ಕೊಡಲು ಬಂದ ಮನೆ ಓನರ್ ಹೆಂಡತಿ ಅದನ್ನು ನೋಡಿದರು. ಹಬ್ಬ ಮುಗಿದ ಮೇಲೆ ಒರೆಸಿದರೆ ಕೆಂಪು ಹೋಗಲಿಲ್ಲ. ಒಂದೇ ಗೋಡೆಗೆ ಬಳಿದರೆ ಬಣ್ಣ ಹೊಂದುವುದಿಲ್ಲ ಎಂದು ಓನರ್ ಹೇಳಿದ್ದರಿಂದ ಪೂರ್ತಿ ಹಾಲ್‌ಗೇ ಪೇಂಟ್ ಮಾಡಿಸಬೇಕಾಯಿತು. ಹದಿನೆಂಟು ಸಾವಿರ ಖರ್ಚು. ಆ ಸಿಟ್ಟಿನಲ್ಲಿ ನಮ್ಮವರು, "ಅಮ್ಮ, ಇದು ನಮ್ಮ ಊರಿನ ಮನೆ ಅಲ್ಲ" ಎಂದು ಕೂಗಾಡಿದರು. ಅತ್ತೆ ಒಂದು ಮಾತೂ ಆಡಲಿಲ್ಲ.

ಊರಲ್ಲಿ ಭಾವ ಹೊಸ ಮನೆ ಕಟ್ಟಿಸಿದ್ದಾರೆ, ಅಲ್ಲೆಲ್ಲ ಟೈಲ್ಸ್. ಅತ್ತೆಗೆ ಅಲ್ಲಿ ಯಾವ ಕೊರತೆಯೂ ಇಲ್ಲ. ಮೊನ್ನೆ ಫೋನ್ ಮಾಡಿ ಹಬ್ಬಕ್ಕೆ ಕರೆದರೆ, "ಈ ಸಲ ನಾ ಬರದಿಲ್ಲ ಮಾರಾಯ್ತಿ, ಅಲ್ಲಿ ನಂಗೇನು ಕೆಲ್ಸ" ಅಂದರು. ನಮ್ಮವರು ಗೋಡೆಗೆ ಅಂಟಿಸುವ ದೀಪದ ಸ್ಟಿಕರ್‌ಗಳನ್ನು ತರಿಸಿಟ್ಟು, "ಈ ಸಲ ಯಾವ ರಗಳೆಯೂ ಇಲ್ಲ" ಎನ್ನುತ್ತಿದ್ದಾರೆ. ನಾನು ಶಿವಮೊಗ್ಗ ಪೇಟೆಯಲ್ಲಿ ಬೆಳೆದವಳು, ನನಗೆ ಚಿತ್ತಾರದ ಒಂದು ಎಳೆಯನ್ನೂ ನೆಟ್ಟಗೆ ಎಳೆಯಲು ಬರುವುದಿಲ್ಲ. ಅತ್ತೆಯನ್ನು ಹೇಗೆ ಕರೆಸಿಕೊಳ್ಳಲಿ? ಬಂದರೆ ಗೋಡೆಯನ್ನು ಹೇಗೆ ಕಾಪಾಡಲಿ?

– ಹೆಸರು ಬೇಡ, ಬೆಂಗಳೂರು

*

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಓದಿನಲ್ಲಿ ಹದಿನೆಂಟು ಸಾವಿರ ಕಣ್ಣಿಗೆ ಬಿತ್ತು. ಎರಡನೇ ಸಲ ನೀವು ಹಾಗೇ ಬರೆದು ಮುಂದೆ ಹೋದ ಒಂದು ಸಾಲಿನ ಮೇಲೆ ನಿಂತೆ: ಊರಿನ ಮನೆಯಲ್ಲೆಲ್ಲ ಟೈಲ್ಸ್, ಅತ್ತೆಗೆ ಯಾವ ಕೊರತೆಯೂ ಇಲ್ಲ. ಕೊರತೆ ಅಲ್ಲೇ ಇದೆ. ಮದುವೆಯಾಗಿ ಬಂದಾಗಿನಿಂದ ವರ್ಷ ವರ್ಷ ಮಣ್ಣಿನ ಗೋಡೆ ಸಾರಿಸಿ, ಕೆಮ್ಮಣ್ಣು ಬಳಿದು, ಎಳೆ ಎಳೆದ ಕೈ ಅದು. ಆ ಕೈಗೆ ಈಗ ಊರಿನಲ್ಲಿ ಗೋಡೆ ಇಲ್ಲ. ಹೋದ ವರ್ಷ ನಿಮ್ಮ ಹಾಲ್‌ನಲ್ಲಿ ಬರಿದಾದ ದೊಡ್ಡ ಗೋಡೆ ಕಂಡಿತು. ಕೇಳದೆ ಬಳಿದದ್ದು ತಪ್ಪೇ, ಆದರೆ ತನ್ನ ಗೋಡೆಗೆ ಬಳಿಯುವಾಗ ಯಾವ ಹೆಂಗಸು ಯಾರನ್ನು ಕೇಳಿದ್ದಾಳೆ ಹೇಳಿ. ಮಗನ ಮನೆಯ ಗೋಡೆ ತನ್ನದು ಎಂದುಕೊಂಡಿದ್ದರು. "ಇದು ನಮ್ಮ ಊರಿನ ಮನೆ ಅಲ್ಲ" ಎಂಬ ಮಾತು ಅವರಿಗೆ ಹೇಗೆ ಕೇಳಿಸಿರಬೇಕು, ಯೋಚಿಸಿ.

ಅದಕ್ಕೇ ಅವರು "ಬೇಜಾರಾಗಿದೆ" ಅನ್ನಲಿಲ್ಲ, "ನಂಗೇನು ಕೆಲ್ಸ" ಅಂದರು. ನೀವು ಹಬ್ಬಕ್ಕೆ ಕರೆದಿದ್ದೀರಿ, ಊಟ ಮಾಡಿಕೊಂಡು ಸೋಫಾದ ಮೇಲೆ ಕೂತಿರಲು ಕರೆದ ಹಾಗೆ. ಈ ಸಲ ಕೆಲಸಕ್ಕೆ ಕರೆಯಿರಿ.

ಹಾಗೆಂದು ನಿಮ್ಮ ಯಜಮಾನರ ಸಿಟ್ಟು ಸುಳ್ಳೇನಲ್ಲ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲೂ ಹತ್ತು ಸಲ ಯೋಚಿಸುವವರಿಗೆ ಹದಿನೆಂಟು ಸಾವಿರ ಸಣ್ಣ ಮೊತ್ತವಲ್ಲ. ಗೋಡೆಯ ವಿಷಯದಲ್ಲಿ ಓನರ್ ಹೇಳಿದ್ದೂ ನ್ಯಾಯವೇ. ಇಲ್ಲಿ ಆದದ್ದೇನು ಎಂದರೆ, ಒಂದು ಬಗೆಯ ಗೋಡೆಯ ವಿದ್ಯೆ ಇನ್ನೊಂದು ಬಗೆಯ ಗೋಡೆಗೆ ಹೋಯಿತು. ಮಣ್ಣಿನ ಗೋಡೆ ಬಣ್ಣವನ್ನು ಕುಡಿಯುತ್ತದೆ. ಕೆಮ್ಮಣ್ಣು ಅದಕ್ಕೆ ಹೊರಗಿನದಲ್ಲ, ಅದೂ ಮಣ್ಣೇ. ಅಕ್ಕಿಯ ಗಂಜಿಯ ಅಂಟಿನಿಂದ ಬಿಳಿ ಎಳೆ ಅದರ ಮೇಲೆ ಕಚ್ಚಿಕೊಳ್ಳುತ್ತದೆ. ಮರುವರ್ಷ ಅದರ ಮೇಲೇ ಮತ್ತೆ ಸಾರಿಸಿ ಬಳಿದರೆ ಆಯಿತು, ಅಳಿಸುವ ಪ್ರಶ್ನೆಯೇ ಇಲ್ಲ. ನಿಮ್ಮ ಹಾಲ್‌ನ ಎಮಲ್ಷನ್ ಗೋಡೆ ಹಾಗಲ್ಲ. ಅದು ಕುಡಿಯುವುದಿಲ್ಲ, ಹಾಗಾಗಿ ದಪ್ಪಗೆ ಬಳಿದದ್ದು ಒಣಗಿ ಹಕ್ಕಳೆ ಏಳುತ್ತದೆ. ಆದರೆ ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ತುಕ್ಕಿನ ಕೆಂಪು. ಅದರ ನುಣ್ಣನೆ ಪುಡಿ ಪೇಂಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ, ಬಿಸಿಲಿಗೂ ಮಾಸುವುದಿಲ್ಲ, ಒರೆಸಿದರೆ ಇನ್ನಷ್ಟು ಹರಡುತ್ತದೆ. ಸಾಲದ್ದಕ್ಕೆ ದೀಪಾವಳಿ ಹೊತ್ತಿಗೆ ಬೆಂಗಳೂರಿನಲ್ಲಿ ಹಿಂಗಾರು ಮಳೆ. ತೇವ ಎಳೆದ ಗೋಡೆಯ ಮೇಲೆ ಅಕ್ಕಿ ಹಿಟ್ಟು ಬಿದ್ದರೆ ಬೂಷ್ಟು, ಇರುವೆ ಎರಡೂ ಬರುತ್ತವೆ. ಇದನ್ನು ಯಜಮಾನರಿಗೂ ಓದಿ ಹೇಳಿ. ಅಮ್ಮನ ಕೈ ಕೆಟ್ಟದ್ದಲ್ಲ, ಗೋಡೆ ಬೇರೆಯದು ಎಂದು ಗೊತ್ತಾದರೆ ಸಿಟ್ಟು ಅರ್ಧ ಇಳಿಯುತ್ತದೆ.

ಇನ್ನು ಮಾಡಬೇಕಾದದ್ದು.

ಚಿತ್ತಾರಕ್ಕೆ ಗೋಡೆಯೇ ಬೇಕೆಂದಿಲ್ಲ. ಇದನ್ನು ನಾನು ಹೇಳಬೇಕಿಲ್ಲ, ನಿಮ್ಮ ಅತ್ತೆಗೇ ಗೊತ್ತು. ದೀಪಾವಳಿಗೆ ಹದಿನೈದು ದಿನ ಮೊದಲು ಬರುವ ಭೂಮಿ ಹುಣ್ಣಿಮೆಗೆ ನಿಮ್ಮವರು ಭೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು, ಮೈತುಂಬ ಚಿತ್ತಾರ ಬರೆದು, ಅದರಲ್ಲಿ ಭೂಮಿತಾಯಿಗೆ ಬಡಿಸುವ ಚರಗ ತುಂಬಿಕೊಂಡು ಬೆಳಗಿನ ಜಾವ ಗದ್ದೆಗೆ ಹೋಗುತ್ತಾರಲ್ಲವೇ? ಹೊತ್ತು ನಡೆಯುವ ಬುಟ್ಟಿಯ ಮೇಲೆ ನಿಲ್ಲುವ ಚಿತ್ತಾರ ಒಂದು ಹಲಗೆಯ ಮೇಲೆ ನಿಲ್ಲದೇ? ಸಾಗರದ ಪಕ್ಕದ ಸಿರಿವಂತೆಯಂಥ ಊರುಗಳಲ್ಲಿ ಕಲಾವಿದರು ಇದನ್ನು ಬಟ್ಟೆ, ಕಾಗದ, ಹಲಗೆಗಳಿಗೆ ತಂದು ಬಹಳ ಕಾಲವಾಯಿತು.

ಹಾರ್ಡ್‌ವೇರ್ ಅಂಗಡಿಯಲ್ಲಿ ನಾಲ್ಕು ಅಡಿಗೆ ಮೂರು ಅಡಿಯ ಪ್ಲೈವುಡ್ ಹಲಗೆ ಕೊಯ್ಯಿಸಿಕೊಳ್ಳಿ. ತೀರಾ ತೆಳ್ಳಗಿನದು ಬೇಡ, ಒದ್ದೆಯಾದರೆ ಬಾಗುತ್ತದೆ. ನುಣುಪಾಗಿದ್ದರೆ ಉಪ್ಪುಕಾಗದದಿಂದ ಉಜ್ಜಿ ತುಸು ಒರಟು ಮಾಡಿ. ಕೆಮ್ಮಣ್ಣನ್ನು ನೀರಲ್ಲಿ ಕದಡಿ, ಪಂಚೆ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಸಲ ತೆಳ್ಳಗೆ ಬಳಿಯಿರಿ. ಒಂದು ಬಳಿತ ನೆರಳಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಇಷ್ಟನ್ನು ನೀವು ಮಾಡಬಹುದು. ಅಕ್ಕಿ ನೆನೆಸಿ ನುಣ್ಣಗೆ ಅರೆದ ಬಿಳಿ, ಅಕ್ಕಿಯನ್ನೇ ಕಪ್ಪಾಗುವ ತನಕ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ, ಇವುಗಳ ಹದ ನಿಮ್ಮ ಅತ್ತೆಗೆ ಬಿಡಿ. ಪುಂಡಿ ನಾರಿನ ಕುಂಚವನ್ನಂತೂ ಅವರೇ ಕಟ್ಟಬೇಕು. ಅಂಗಡಿಯ ಬ್ರಷ್ ಕೊಟ್ಟು ಅವಮಾನ ಮಾಡಬೇಡಿ.

ಬರೆದಾದ ಮೇಲೆ ಹಲಗೆಯನ್ನು ನೇತುಹಾಕುವ ಗೋಜು ಬೇಡ. ಒಂದು ಬೆಂಚಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿ, ಹಿಂದೆ ಹಳೆ ಪಂಚೆ ಮಡಚಿಡಿ, ಗೋಡೆಗೆ ಗೀರು ಬೀಳುವುದಿಲ್ಲ. ಮುಂದಿನ ವರ್ಷ ಅದರ ಮೇಲೇ ಮತ್ತೆ ಕೆಮ್ಮಣ್ಣು ಬಳಿದು ಹೊಸದಾಗಿ ಬರೆಯಬಹುದು. ಮನೆ ಬದಲಾಯಿಸಿದರೆ ಹಲಗೆಯೂ ಜೊತೆಗೆ ಬರುತ್ತದೆ. ಬಾಡಿಗೆ ಮನೆಯವರಿಗೆ ಇದಕ್ಕಿಂತ ಸ್ವಂತದ ಗೋಡೆ ಸಿಗುವುದು ಕಷ್ಟ.

ಗೋಡೆಯ ಮೇಲೆಯೇ ಬರೆಯಬೇಕೆಂಬ ಆಸೆ ನಿಮಗೂ ಇದ್ದರೆ ಒಂದು ದಾರಿ ಇದೆ. ಬಾಡಿಗೆ ಕರಾರು ಪತ್ರ ತೆಗೆದು ನೋಡಿ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದು ಬೆಂಗಳೂರಿನಲ್ಲಿ ರೂಢಿ. ಹಾಗೆ ಬರೆದಿದ್ದರೆ ಹೇಗಿದ್ದರೂ ಆ ಹಣ ಕೊಡುವವರೇ ನೀವು. ಓನರ್ ಹತ್ತಿರ ಮೊದಲೇ ಹೋಗಿ, ಹೋದ ವರ್ಷದ ಫೋಟೊ ತೋರಿಸಿ, "ಬಾಲ್ಕನಿ ಪಕ್ಕದ ಸಣ್ಣ ಗೋಡೆಯೊಂದನ್ನು ಬಿಟ್ಟುಕೊಡಿ, ಬಿಡುವಾಗ ನಾವೇ ಪ್ರೈಮರ್ ಹೊಡೆಸಿ ಬಳಿಸಿಕೊಡುತ್ತೇವೆ" ಎಂದು ಕೇಳಿ. ಒಪ್ಪಿದರೆ ವಾಟ್ಸಾಪ್‌ನಲ್ಲಿ ಬರಹದಲ್ಲಿ ಪಡೆಯಿರಿ. ಒಪ್ಪದಿದ್ದರೆ ಬೇಸರ ಬೇಡ, ಹಲಗೆ ಇದೆ.

ಸ್ಟಿಕರ್‌ಗಳ ಬಗ್ಗೆ ಯಜಮಾನರೊಡನೆ ಜಗಳಕ್ಕಿಳಿಯಬೇಡಿ. ತಂದಿದ್ದಾರೆ, ಮಗಳ ಕೋಣೆಯ ಬಾಗಿಲಿಗೋ ಫ್ರಿಜ್ಜಿಗೋ ಅಂಟಿಸಲಿ. ಗೋಡೆಗೆ ಮಾತ್ರ ಬೇಡ. ಮಳೆಗಾಲದ ತೇವ ಇರುವ ಗೋಡೆಯಿಂದ ಸ್ಟಿಕರ್ ಕಿತ್ತರೂ, ಸೆಲೋಟೇಪ್ ಕಿತ್ತರೂ ಪೇಂಟಿನ ಪದರವೇ ಜೊತೆಗೆ ಬರುತ್ತದೆ. ರಗಳೆ ಬೇಡ ಎಂದು ತಂದದ್ದೇ ರಗಳೆ ಆದೀತು. ಈಗಾಗಲೇ ಅಂಟಿಸಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿ ಗಾಳಿ ತೋರಿಸಿ, ಅಂಟು ಮೆತ್ತಗಾದ ಮೇಲೆ ಮೂಲೆಯಿಂದ ನಿಧಾನ ಬಿಡಿಸಿ. ಹಣತೆಗಳನ್ನು ಗೋಡೆಯಿಂದ ಒಂದು ಮೊಳ ದೂರವಿಡಿ. ಎಣ್ಣೆ ಜಿಡ್ಡು, ದೀಪದ ಮಸಿ ಎರಡೂ ಎಮಲ್ಷನ್‌ಗೆ ಕೆಮ್ಮಣ್ಣಿನಷ್ಟೇ ಶತ್ರು. 

ನನ್ನದೊಂದು ಮಾತು ಹೇಳಲೇ? ನಾನು ಧಾರವಾಡದ ಕಡೆಯವಳು. ನಮ್ಮಲ್ಲಿ ದೀಪಾವಳಿ ಪಾಡ್ಯಕ್ಕೆ ಸಗಣಿಯಲ್ಲಿ ಪಾಂಡವರನ್ನು ಮಾಡಿ, ಉತ್ತರಾಣಿ ಕಡ್ಡಿ, ಚೆಂಡು ಹೂ ಚುಚ್ಚಿ ಬಾಗಿಲ ಮುಂದೆ ಇಡುವುದುಂಟು. ಅವ್ವ ನನ್ನ ಫ್ಲ್ಯಾಟಿಗೆ ಬಂದ ಮೊದಲ ವರ್ಷ ಸಗಣಿ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. "ಇಲ್ಲಿ ಅದೆಲ್ಲ ನಡಿಯಂಗಿಲ್ಲವ್ವ, ಪಕ್ಕದ ಮನಿಯವರು ಏನಂತಾರ" ಎಂದೆ. ಸುಮ್ಮನಾದಳು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಅಡುಗೆಮನೆಯ ಕಟ್ಟೆಯ ಮೇಲೆ ಸ್ಟೀಲ್ ತಟ್ಟೆಯಲ್ಲಿ ಐದು ಉಂಡೆಗಳು, ಚಪಾತಿ ಹಿಟ್ಟಿನವು. ಪ್ರತಿಯೊಂದರ ನೆತ್ತಿಗೂ ಒಂದೊಂದು ಚೆಂಡು ಹೂವಿನ ಎಸಳು. ಅವಳು ನನ್ನನ್ನು ಬೈಯಲಿಲ್ಲ, ಎದುರು ಮಾತಾಡಲಿಲ್ಲ. ಹಿಟ್ಟು ನಾದಿಕೊಂಡಿದ್ದಳು ಅಷ್ಟೆ. ಆ ತಟ್ಟೆ ನೋಡಿ ನನಗಾದ ನಾಚಿಕೆ ಈಗಲೂ ಇದೆ. ಮರುವರ್ಷ ನಾನೇ ಬೆಳಗ್ಗೆ ಸ್ಕೂಟರಿನಲ್ಲಿ ಹಾಲಿನವನ ಕೊಟ್ಟಿಗೆ ಹುಡುಕಿಕೊಂಡು ಹೋದೆ. ಪಕ್ಕದ ಮನೆಯವರು ಏನೂ ಅನ್ನಲಿಲ್ಲ, ಪಾಂಡವರಿಗೆ ಹೂ ಇನ್ನಷ್ಟು ಬೇಕೇ ಎಂದು ಕೇಳಿದರು.

ನಿಮ್ಮ ಅತ್ತೆಯ ಚಿತ್ತಾರದ ಕೆಲಸಕ್ಕೆ ಈಗ ಊರಲ್ಲಿ ಯಾರೂ ಕೈ ನೀಡುತ್ತಿಲ್ಲದಿರಬಹುದು. ನಿಮಗೆ ಎಳೆ ಎಳೆಯಲು ಬರುವುದಿಲ್ಲ ಎಂದಿರಿ. ಅದೇ ನಿಮ್ಮ ಬಂಡವಾಳ. ಬಾರದವರು ಇದ್ದರೆ ತಾನೇ ಕಲಿಸುವವರಿಗೆ ಕೆಲಸ. ಹಲಗೆಯ ಕೆಳಗಿನ ಒಂದು ಗೇಣಿನಷ್ಟು ಅಂಚನ್ನು ನಿಮ್ಮ ಮಗಳಿಗೆ ಬಿಡಲು ಹೇಳಿ. ಗೆರೆ ಸೊಟ್ಟ ಬರುತ್ತದೆ, ಅತ್ತೆ ಅಳಿಸಿ ಮತ್ತೆ ಬರೆಸುತ್ತಾರೆ, ಮಗಳು ಮುನಿಸಿಕೊಳ್ಳುತ್ತಾಳೆ. ಆಗ ನೀವು ನಡುವೆ ಹೋಗಬೇಡಿ.

ಕರೆಯುವ ಕೆಲಸ ಮಾತ್ರ ನಿಮ್ಮ ಯಜಮಾನರದು, ಏಕೆಂದರೆ ನೋಯಿಸಿದ ಮಾತು ಅವರ ಬಾಯಿಂದ ಬಂದದ್ದು. ಫೋನಿನಲ್ಲಿ ಬೇಡ. ಈ ಸಂಚಿಕೆ ನಿಮ್ಮ ಕೈ ಸೇರುವಾಗ ಭೂಮಿ ಹುಣ್ಣಿಮೆಗೆ ಇನ್ನೂ ಕೆಲವು ದಿನ ಉಳಿದಿರುತ್ತದೆ. ಅವರು ರಾತ್ರಿ ಬಸ್ಸಿಗೆ ಊರಿಗೆ ಹೋಗಲಿ, ಬುಟ್ಟಿ ಹೊತ್ತವರ ಜೊತೆ ಗದ್ದೆಗೆ ನಡೆಯಲಿ. ದೊಡ್ಡ ಕ್ಷಮಾಪಣೆಯ ಮಾತು ಬೇಕಿಲ್ಲ, ಮಗ ಹಾಗೆಲ್ಲ ಮಾತಾಡಿದರೆ ತಾಯಿಗೇ ಮುಜುಗರ. "ಅಮ್ಮ, ಅವತ್ತು ನಾ ಕೂಗಿದ್ದು ತಪ್ಪು. ಹಲಗೆ ಕೊಯ್ಸಿಟ್ಟೀನಿ, ಮಣ್ಣು ಎಷ್ಟು ತಗಂಡು ಹೋಗ್ಬೇಕು ಹೇಳು" ಎಂದರೆ ಸಾಕು. ಅತ್ತೆ ಮೊದಲು "ನಂಗೆ ಆಗದಿಲ್ಲ, ಸೊಂಟ ನೋವು" ಅನ್ನುತ್ತಾರೆ. ಆಮೇಲೆ ಹಲಗೆ ಎಷ್ಟು ಉದ್ದ ಎಂದು ಕೇಳುತ್ತಾರೆ.

ಹಾಗೆ ಕೇಳಿದ ದಿನ ನೀವು ಇಲ್ಲಿ ಅಕ್ಕಿ ಆರಿಸಲು ಶುರು ಮಾಡಬಹುದು.