ಅಂಚಿನ ಲೆಕ್ಕವೋ, ಒಳಗಿನ ಲೆಕ್ಕವೋ? ವಿಸ್ತೀರ್ಣ, ಸುತ್ತಳತೆ ಗೆಲ್ಲಲು ಏಳು ಕಿವಿಮಾತುಗಳು

ಆರರಿಂದ ಎಂಟನೇ ತರಗತಿಯ ಮಕ್ಕಳು ಈ ಪಾಠದಲ್ಲಿ ಅಂಕ ಕಳೆದುಕೊಳ್ಳುವುದು ಸೂತ್ರ ಮರೆತು ಅಲ್ಲ. ಸೂತ್ರ ಬಾಯಿಪಾಠ ಇರುತ್ತದೆ. ಯಾವುದನ್ನು ಎಲ್ಲಿ ಹಾಕಬೇಕು ಎಂಬುದರಲ್ಲೇ ಎಡವುತ್ತಾರೆ. ಆದ್ದರಿಂದ ಸೂತ್ರ ಕೊನೆಗಿರಲಿ, ಆಕೃತಿ ಮೊದಲು.

1. ಪ್ರಶ್ನೆ ಕೇಳುತ್ತಿರುವುದು ಅಂಚನ್ನೋ, ಒಳಗನ್ನೋ ನೋಡಿ. ಬೇಲಿ, ಕಾಂಪೌಂಡು, ಫೋಟೋ ಫ್ರೇಮು ಎಂದರೆ ಸುತ್ತಳತೆ. ಟೈಲ್ಸ್, ಪೇಂಟ್, ಹುಲ್ಲುಹಾಸು ಎಂದರೆ ವಿಸ್ತೀರ್ಣ. 30×40 ಅಡಿ ಸೈಟಿನ ವಿಸ್ತೀರ್ಣ 1,200 ಚದರ ಅಡಿ. ಅದಕ್ಕೆ ಸುತ್ತಲೂ ಕಾಂಪೌಂಡು ಕಟ್ಟಲು 140 ಅಡಿ ಗೋಡೆ ಸಾಕು. ಪ್ರಶ್ನೆಯಲ್ಲಿ ಅಂಚೋ ಒಳಗೋ ಎಂದು ಹೇಳುವ ಆ ಒಂದು ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೇ ಮುಂದೆ ಹೋಗಿ.

2. ಚಿತ್ರ ಬರೆಯದೆ ಲೆಕ್ಕಕ್ಕೆ ಕೈ ಹಾಕಬೇಡಿ. 20 ಮೀ. ಉದ್ದ, 15 ಮೀ. ಅಗಲದ ತೋಟದ ಹೊರಗೆ ಸುತ್ತಲೂ 2 ಮೀ. ಅಗಲದ ದಾರಿ ಇದೆ ಎನ್ನಿ. ಬರೆದು ನೋಡಿದರೆ ದಾರಿ ಎರಡೂ ಬದಿಗೆ ಇರುವುದು ಕಣ್ಣಿಗೆ ಬೀಳುತ್ತದೆ. ಹೊರ ಅಳತೆ 24×19, 22×17 ಅಲ್ಲ. ದಾರಿಯ ವಿಸ್ತೀರ್ಣ 456 − 300 = 156 ಚದರ ಮೀ.

3. ಸುತ್ತಳತೆ ಸಮನಾದರೆ ವಿಸ್ತೀರ್ಣವೂ ಸಮ ಎಂದು ನಂಬಬೇಡಿ. ಇಡೀ ಪಾಠದ ಜೀವ ಇಲ್ಲಿದೆ, ಅವಸರ ಬೇಡ. 20 ಬೆಂಕಿಕಡ್ಡಿ ತೆಗೆದುಕೊಂಡು ಆಯತಗಳನ್ನು ಜೋಡಿಸಿ: 9×1, 8×2, 7×3, 6×4, 5×5. ಸುತ್ತಳತೆ ಎಲ್ಲಕ್ಕೂ 20. ವಿಸ್ತೀರ್ಣ ಮಾತ್ರ 9, 16, 21, 24, 25. ಏರಿಕೆ 7, 5, 3, 1 ಎಂದು ಕಿರಿದಾಗುತ್ತಾ ಬಂದು ಚೌಕದಲ್ಲಿ ನಿಲ್ಲುತ್ತದೆ. ಕೈಯಾರೆ ಇದನ್ನು ಜೋಡಿಸಿದ ಮಗು ಎರಡನ್ನೂ ಮತ್ತೆ ಗೊಂದಲ ಮಾಡಿಕೊಳ್ಳುವುದು ಕಷ್ಟ. ಶಿಕ್ಷಕರು ಒಂದು ಪೀರಿಯಡ್ ಪೂರ್ತಿ ಇದಕ್ಕೇ ಕೊಟ್ಟರೂ ನಷ್ಟವಿಲ್ಲ.

4. ಓರೆ ಬಾಹುವನ್ನು ಎತ್ತರ ಎನ್ನಬೇಡಿ. ಬಾಹುಗಳು 5, 5, 6 ಇರುವ ತ್ರಿಭುಜಕ್ಕೆ ಅನೇಕರು ½×6×5 = 15 ಎಂದು ಬರೆಯುತ್ತಾರೆ. ಶೃಂಗದಿಂದ ಪಾದಕ್ಕೆ ಲಂಬ ಇಳಿಸಿ: 6 ಎರಡು 3 ಆಗುತ್ತದೆ, ಪೈಥಾಗೊರಸ್ ಪ್ರಕಾರ ಎತ್ತರ 4. ವಿಸ್ತೀರ್ಣ 12. ಸ್ವಾರಸ್ಯವೆಂದರೆ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕ್ಷೇತ್ರಗಳಿಗೆ ಎರಡು ಬಗೆಯ ಲೆಕ್ಕ ಕೊಡುತ್ತಾನೆ: ವ್ಯವಹಾರಕ್ಕೆ ಸ್ಥೂಲ, ನಿಖರತೆಗೆ ಸೂಕ್ಷ್ಮ. ಈ ತ್ರಿಭುಜಕ್ಕೆ ಅವನ ಸ್ಥೂಲ ಲೆಕ್ಕ ಹಾಕಿದರೂ ಬರುವುದು 15, ಸೂಕ್ಷ್ಮಕ್ಕೆ 12. ಪರೀಕ್ಷೆಯಲ್ಲಿ ನಿಮಗೆ ಬೇಕಾದದ್ದು ಸೂಕ್ಷ್ಮ.

5. ಸೊಟ್ಟಂಬಟ್ಟ ಆಕೃತಿ ಬಂದರೆ ಕತ್ತರಿಸಿ, ಇಲ್ಲವೇ ಪೂರ್ಣಗೊಳಿಸಿ ಕಳೆಯಿರಿ. 10×8 ಆಯತದ ಒಂದು ಮೂಲೆಯಿಂದ 4×3 ತುಂಡು ತೆಗೆದರೆ ವಿಸ್ತೀರ್ಣ 80ರಿಂದ 68ಕ್ಕೆ ಇಳಿಯುತ್ತದೆ. ಸುತ್ತಳತೆ? ಇಳಿಯುವುದೇ ಇಲ್ಲ, 36 ಇದ್ದದ್ದು 36. ಹೋದ ಎರಡು ಅಂಚುಗಳಷ್ಟೇ ಉದ್ದದ ಎರಡು ಹೊಸ ಅಂಚು ಒಳಗೆ ಹುಟ್ಟಿವೆ.

6. ಅರ್ಧವೃತ್ತಕ್ಕೆ ವ್ಯಾಸ ಸೇರಿಸಿ. ತ್ರಿಜ್ಯ 7 ಇದ್ದರೆ ಕಮಾನು 22, ವ್ಯಾಸ 14, ಒಟ್ಟು ಸುತ್ತಳತೆ 36. ತ್ರಿಜ್ಯ 7ರ ಅಪವರ್ತ್ಯವಾದರೆ 22/7, 10 ಅಥವಾ 20 ಆದರೆ 3.14 ಹಿಡಿಯಿರಿ, ಪ್ರಶ್ನೆಯೇ ಬೆಲೆ ಕೊಟ್ಟಿದ್ದರೆ ಅದನ್ನೇ.

7. ಮಾನ ಬದಲಿಸುವಾಗ ಎಚ್ಚರ. ಒಂದು ಮೀಟರಿಗೆ 100 ಸೆಂ.ಮೀ., ಆದರೆ ಒಂದು ಚದರ ಮೀಟರಿಗೆ 10,000 ಚದರ ಸೆಂ.ಮೀ.; ಉದ್ದವೂ ನೂರು ಪಾಲು, ಅಗಲವೂ ನೂರು ಪಾಲು. ಬಾಹು ಇಮ್ಮಡಿಯಾದರೆ ಸುತ್ತಳತೆ ಇಮ್ಮಡಿ, ವಿಸ್ತೀರ್ಣ ನಾಲ್ಮಡಿ. ಅಭ್ಯಾಸಕ್ಕೆ ಮನೆಯಲ್ಲಿರುವ ಜಮೀನಿನ ಪಹಣಿ ತೆಗೆಯಿರಿ. ಅದರಲ್ಲಿ ಬರುವ ಒಂದು ಗುಂಟೆ ಎಂದರೆ 33 ಅಡಿ ಬಾಹುವಿನ ಚೌಕ, 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಚೌಕಾಕಾರದ ಒಂದು ಗುಂಟೆಗೆ 132 ಅಡಿ ಬೇಲಿ ಬೇಕು. ಅಂಥ ನಾಲ್ಕು ಗುಂಟೆ ಸೇರಿ ಒಂದೇ ಚೌಕವಾದರೆ ಎಷ್ಟು ಬೇಲಿ ಬೇಕು, ಒಂದೇ ಸಾಲಾಗಿ ಉದ್ದಕ್ಕೆ ಇದ್ದರೆ ಎಷ್ಟು, ಮಗುವೇ ಹೇಳಲಿ: 264 ಮತ್ತು 330.