ಬೀರುವಿನ ಹಿಂದಿನ ಕಪ್ಪು ಚುಕ್ಕೆ

ಪ್ರಶ್ನೆ: ಸರ್ಜಾಪುರದಲ್ಲಿ ನಾಲ್ಕು ಮನೆಗಳ ಬಿಲ್ಡಿಂಗಿನ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಇಬ್ಬರೂ ಕೆಲಸಕ್ಕೆ ಹೋಗುವವರು. ಮಳೆ ಹಿಡಿದಾಗಿನಿಂದ ಮಲಗುವ ಕೋಣೆಯ ಗೋಡೆಗೆ, ಬೀರುವಿನ ಹಿಂದೆ, ಕಪ್ಪಗೆ ಬೂಷ್ಟು ಬಂದಿದೆ. ಮದುವೆ ಸೀರೆಗಳಿಗೂ ವಾಸನೆ ಹತ್ತಿದೆ. ಆರು ವರ್ಷದ ಮಗ ರಾತ್ರಿಯೆಲ್ಲ ಕೆಮ್ಮುತ್ತಾನೆ. ಓನರ್ ಕೇಳಿದರೆ ‘ನೀವು ಕಿಟಕಿ ತೆಗೆಯಲ್ಲ, ಅದಕ್ಕೇ’ ಅಂತಾರೆ. ಪೇಂಟರ್ ಪುಟ್ಟಿ, ಬಣ್ಣ ಸೇರಿ ಹದಿನೆಂಟು ಸಾವಿರ ಹೇಳಿದ್ದಾನೆ. ಅದನ್ನೂ ನಾವೇ ಹಾಕಬೇಕಂತೆ. ಏನು ಮಾಡಲಿ?
- ಹೆಸರು ಬೇಡ, ಸರ್ಜಾಪುರ

ಉತ್ತರ: ಪೇಂಟರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಹಸಿ ಗೋಡೆಗೆ ಎಂಥ ದುಬಾರಿ ಬಣ್ಣ ಬಳಿದರೂ ಮುಂದಿನ ಮಳೆಗೆ ಚಕ್ಕೆ ಏಳುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು ಮೊದಲು ಹಿಡಿಯಬೇಕು, ಅದಕ್ಕೆ ಖರ್ಚೇನೂ ಇಲ್ಲ.

ಅದೇ ಗೋಡೆಯಲ್ಲಿ ಬೂಷ್ಟಿಲ್ಲದ ಒಂದು ಜಾಗ ಒರೆಸಿ, ಒಣಗಿಸಿ, ಒಂದಡಿ ಚೌಕದ ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ. ಎರಡು ದಿನ ಬಿಟ್ಟು ನೋಡಿ. ಕೋಣೆಯ ಕಡೆ ಹನಿ ಕೂತಿದ್ದರೆ ಅದು ಮನೆಯೊಳಗಿನ ಆವಿ. ಕಿತ್ತಾಗ ಗೋಡೆಯ ಕಡೆ ಒದ್ದೆಯಿದ್ದರೆ ನೀರು ಗೋಡೆಯೊಳಗಿದೆ. ಎರಡೂ ಇದ್ದರೆ ಆಶ್ಚರ್ಯಪಡಬೇಡಿ.

ಇನ್ನು ಹೊರಗೆ ಹೋಗಿ ಗೋಡೆಯನ್ನು ನೋಡಿ. ಆಷಾಢದ ಮಳೆ ಗಾಳಿ ನಮಗೆ ಪಶ್ಚಿಮದಿಂದ, ಅಕ್ಟೋಬರ್-ನವೆಂಬರಿನದು ಪೂರ್ವದಿಂದ. ಯಾವ ತಿಂಗಳು ಯಾವ ಗೋಡೆ ನೆನೆಯುತ್ತದೆ ಅನ್ನುವುದೇ ಅರ್ಧ ಉತ್ತರ. ಈ ಕಡೆಯ ಬಿಲ್ಡಿಂಗುಗಳಲ್ಲಿ ಸಿಮೆಂಟ್ ಬ್ಲಾಕಿನ ಗೋಡೆ ಬೀಮಿಗೆ ಸೇರುವಲ್ಲಿ ಕೂದಲೆಳೆಯಂಥ ಉದ್ದನೆ ಬಿರುಕು ಬಿಡುವುದು ಸಾಮಾನ್ಯ. ಅದನ್ನು ಹೊರಗಿನಿಂದಲೇ ತುಂಬಿಸಬೇಕು. ಒಳಗೆ ಪುಟ್ಟಿ ಮೆತ್ತಿದರೆ ನೀರು ಪಕ್ಕದಲ್ಲಿ ಇನ್ನೊಂದು ದಾರಿ ಹುಡುಕುತ್ತದೆ. ಟೆರೇಸಿನ ಮಳೆನೀರಿನ ಪೈಪಿನ ಬಾಯಿಗೆ ಎಲೆ, ಪ್ಲಾಸ್ಟಿಕ್ ಕವರು ಕಟ್ಟಿದೆಯೇ ನೋಡಿ.

ನನಗೆ ಎಲ್ಲಕ್ಕಿಂತ ಅನುಮಾನ ಸಿಂಟೆಕ್ಸ್ ಮೇಲೆ. ಬೆಳಿಗ್ಗೆ ಯಾರೋ ಮೋಟರ್ ಹಾಕಿ ಮರೆಯುತ್ತಾರೆ, ಟ್ಯಾಂಕ್ ತುಂಬಿ ಓವರ್‌ಫ್ಲೋ ಪೈಪಿನಿಂದ ನೀರು ಗೋಡೆ ಸವರಿಕೊಂಡು ಇಳಿಯುತ್ತದೆ. ಪಾಚಿಯ ಹಸಿರು ಪಟ್ಟೆ ಇದ್ದರೆ ಕಳ್ಳ ಸಿಕ್ಕಂತೆಯೇ. ದುಡ್ಡು ಕೊಟ್ಟು ಟ್ಯಾಂಕರ್ ತರಿಸುವ ಊರಲ್ಲಿ ಗೋಡೆಗೆ ನೀರು ಕುಡಿಸುವುದೆಂದರೆ! ಒಂದು ಎಲ್ಬೋ, ಒಂದಿಷ್ಟು ಪಿವಿಸಿ ಪೈಪು ಹಾಕಿ ಆ ನೀರನ್ನು ಮಳೆನೀರಿನ ಪೈಪಿಗೆ ಸೇರಿಸಿದರೆ ಮುಗಿಯಿತು. ಟ್ಯಾಂಕ್ ತುಂಬಿದಾಗ ಕೂಗುವ ಅಲಾರಂ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ನಾಲ್ಕು ಮನೆಯವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ.

ಓನರ್ ಹೇಳಿದ್ದರಲ್ಲೂ ಸ್ವಲ್ಪ ನಿಜವಿರಬಹುದು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಳೆಗಾಲದ ಬಟ್ಟೆ ಒಣಗುವುದು ಮಲಗುವ ಕೋಣೆಯ ಹಗ್ಗದ ಮೇಲೆಯೇ ಅಲ್ಲವೇ? ವಾಷಿಂಗ್ ಮೆಷಿನ್ನಿನ ಒಂದು ಲೋಡ್ ಬಟ್ಟೆ ಸುಮಾರು ಎರಡು ಲೀಟರ್ ನೀರನ್ನು ಗಾಳಿಗೆ ಬಿಡುತ್ತದೆ. ಆ ಆವಿ ಹೋಗಿ ಕೂರುವುದು ತಣ್ಣನೆಯ ಹೊರಗೋಡೆಯ ಮೇಲೆ, ಅದರಲ್ಲೂ ಗಾಳಿ ಸುಳಿಯದ ಬೀರುವಿನ ಹಿಂದೆ. ಬೀರುವನ್ನು ಒಳಗೋಡೆಗೆ ಸರಿಸಿ. ಜಾಗವಿಲ್ಲದಿದ್ದರೆ ಗೋಡೆಯಿಂದ ನಾಲ್ಕು ಬೆರಳು ಮುಂದೆ ಎಳೆಯಿರಿ. ಬಟ್ಟೆಯನ್ನು ಸಜ್ಜೆಯ ಕೆಳಗೋ ಬಾಲ್ಕನಿಯಲ್ಲೋ ಹಾಕಿ. ಒಳಗೇ ಹಾಕಬೇಕಾದರೆ ಆ ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಫ್ಯಾನ್ ಹಾಕಿಡಿ. ಅನ್ನ, ಸಾರು ಕುದಿಯುವಾಗ ಪಾತ್ರೆಗೆ ಮುಚ್ಚಳವಿರಲಿ. ಸೊಳ್ಳೆಗೂ ಟಿಪ್ಪರ್ ಲಾರಿಗಳ ಧೂಳಿಗೂ ಹೆದರಿ ಈ ಕಡೆ ಯಾರೂ ಕಿಟಕಿ ತೆರೆಯುವುದಿಲ್ಲ, ಗೊತ್ತು. ವೆಲ್ಕ್ರೋ ಸೊಳ್ಳೆಪರದೆ ಅಂಟಿಸಿ, ಬೆಳಿಗ್ಗೆ ಕೆಲಸಕ್ಕೆ ಹೊರಡುವವರೆಗಾದರೂ ಎದುರುಬದುರು ಕಿಟಕಿ ತೆರೆದಿಡಿ.

ಈಗಿರುವ ಬೂಷ್ಟನ್ನು ಒಣ ಪೊರಕೆಯಿಂದ ಮಾತ್ರ ಗುಡಿಸಬೇಡಿ, ಅದರ ಪುಡಿ ಮನೆಯೆಲ್ಲ ಹಾರುತ್ತದೆ. ಮಗನನ್ನು ಬೇರೆ ಕೋಣೆಗೆ ಕಳಿಸಿ, ಮಾಸ್ಕ್, ಗ್ಲೌಸ್ ಹಾಕಿಕೊಂಡು, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ಆ ಬಟ್ಟೆ ಬಿಸಾಡಿ, ಗೋಡೆ ಪೂರ್ತಿ ಒಣಗಿಸಿ. ಬ್ಲೀಚಿಂಗ್ ಬಳಸುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವ ಕಾರಣಕ್ಕೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಕರ್ಪೂರ, ನುಸಿಗುಳಿಗೆಗಳು ವಾಸನೆ ಮುಚ್ಚುತ್ತವೆ, ತೇವ ಹೀರುವುದಿಲ್ಲ. ಬೀರುವಿನೊಳಗೆ ಕ್ಯಾಲ್ಸಿಯಂ ಕ್ಲೋರೈಡಿನ ತೇವಹೀರುವ ಡಬ್ಬಿ ಇಡಿ, ಮಗನ ಕೈಗೆ ಸಿಗದಂತೆ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ನೆರಳಲ್ಲಿ ಗಾಳಿಗೆ ಹರವಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ.

ಮಗನ ಕೆಮ್ಮನ್ನು ಗೋಡೆ ರಿಪೇರಿಯವರೆಗೆ ಕಾಯಿಸಬೇಡಿ. ತೇವ, ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಆಸ್ತಮಾ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ಮಕ್ಕಳ ಡಾಕ್ಟರಿಗೆ ತೋರಿಸುವಾಗ ಗೋಡೆಯ ವಿಷಯವನ್ನೂ ಹೇಳಿ. ಅಲ್ಲಿಯವರೆಗೆ ಅವನ ಹಾಸಿಗೆ ಆ ಕೋಣೆಯಲ್ಲಿ ಬೇಡ.

ಖರ್ಚಿನ ಮಾತು. ಬಿರುಕು, ಟೆರೇಸ್, ಟ್ಯಾಂಕ್ ಓನರದ್ದು. ಬಟ್ಟೆ, ಬೀರು, ಕಿಟಕಿ ನಿಮ್ಮದು. ಹೀಗೆ ಪಾಲು ಹಾಕಿ ಮಾತಾಡಿದರೆ ಜಗಳ ಕಡಿಮೆ. ಫಾಯಿಲ್‌, ಹೊರಗಿನ ಬಿರುಕು, ಪಾಚಿ ಪಟ್ಟೆ ಮೂರರದ್ದೂ ಫೋಟೊ ತೆಗೆದು ಓನರಿಗೆ ವಾಟ್ಸ್‌ಆ್ಯಪ್ ಮಾಡಿ. ಬಿರುಕು ಮುಚ್ಚಿ, ಗೋಡೆ ಚೆನ್ನಾಗಿ ಒಣಗಿ, ಫೆಬ್ರವರಿ-ಮಾರ್ಚಿನಲ್ಲಿ ಬಣ್ಣ ಹೊಡೆಸೋಣ ಅನ್ನಿ. ಮನೆ ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್‌ನಿಂದ ದುಡ್ಡು ಹಿಡಿಯುವುದು ಇಲ್ಲಿನ ವಾಡಿಕೆ. ಆಗ ಈ ಗೋಡೆಯ ಲೆಕ್ಕವೂ ನಿಮ್ಮ ತಲೆಗೆ ಬಂದರೆ ತೋರಿಸಲು ತಾರೀಖಿನ ಸಮೇತ ಆ ಮೆಸೇಜು ಫೋನಿನಲ್ಲಿರುತ್ತದೆ.